ವಿಮಾನದ ತುಣುಕಿಗೂ ಪಹಣಿ ಬೇಕು

ಅಮೆರಿಕದ ಒಂದು ಮನೆಯಲ್ಲಿ ದಶಕಗಳ ಕಾಲ ಒಂದು ಚರ್ಮದ ಟೋಪಿ ಇತ್ತು. ಹಳೆಯ ಕಾಲದ ವೈಮಾನಿಕರು ತಲೆಗೆ ಬಿಗಿದುಕೊಳ್ಳುತ್ತಿದ್ದ ಥರದ್ದು. 1929ರಲ್ಲಿ ಮಹಿಳೆಯರ ವಿಮಾನ ಸ್ಪರ್ಧೆ ಕ್ಲೀವ್‌ಲ್ಯಾಂಡಿನಲ್ಲಿ ಮುಗಿದಾಗ, ಅಲ್ಲಿನ ನೂಕುನುಗ್ಗಲಿನಲ್ಲಿ ವೈಮಾನಿಕೆ ಅಮೇಲಿಯಾ ಇಯರ್‌ಹಾರ್ಟ್ ಕಳೆದುಕೊಂಡ ಟೋಪಿ ಇದು, ಅದರ ಹಿಂದಿನ ವರ್ಷ ಆಕೆ ಅಟ್ಲಾಂಟಿಕ್ ದಾಟಿದಾಗ ತಲೆಯ ಮೇಲಿದ್ದದ್ದೂ ಇದೇ ಎಂದು ಮನೆಯವರು ಹೇಳಿಕೊಂಡು ಬಂದಿದ್ದರು. ಬಾಯಿಮಾತನ್ನು ನಂಬಿ ದುಡ್ಡು ಬಿಚ್ಚುವವರು ಸಿಗಲಿಲ್ಲ. ಕೊನೆಗೆ ಆ ಕಾಲದ ಛಾಯಾಚಿತ್ರಗಳ ಜೊತೆ ಟೋಪಿಯ ಗುರುತುಗಳನ್ನು ಒಂದೊಂದಾಗಿ ಹೋಲಿಸಿ ನೋಡಿದಾಗ ಮಾತು ನಿಜವೆಂದು ಸಾಬೀತಾಯಿತು. 2022ರ ಫೆಬ್ರುವರಿಯಲ್ಲಿ ಅದು ಹರಾಜಿನಲ್ಲಿ 8.25 ಲಕ್ಷ ಡಾಲರಿಗೆ ಹೋಯಿತು. ಈ ನಡುವೆ ಟೋಪಿಯ ಒಂದು ಎಳೆ ದಾರವೂ ಬದಲಾಗಿರಲಿಲ್ಲ. ಅದಕ್ಕೆ ಹೊಸದಾಗಿ ದಕ್ಕಿದ್ದು ಪೂರ್ವಾಪರ ಮಾತ್ರ. ನಮ್ಮಲ್ಲಿ ಮೂವತ್ತು-ನಲವತ್ತರ ನಿವೇಶನಕ್ಕೆ ಮುಂಗಡ ಕೊಡುವ ಮೊದಲು ಪಹಣಿ, ಖಾತೆ, ಮೂಲಪತ್ರ ಎಲ್ಲವನ್ನೂ ಕೇಳಿ ನೋಡುತ್ತೇವೆ. ಮಾರುವವನು ನೆಂಟನಾದರೂ ಕೇಳುತ್ತೇವೆ. ಹಳೆಯ ವಿಮಾನಗಳ ಚೂರುಪಾರುಗಳನ್ನೂ ವಿಮಾನ ಕಂಪನಿಗಳ ಹಳೆಯ ಸಾಮಾನನ್ನೂ ಮಾರುವ ಸಂಗ್ರಾಹಕರ ಮೇಳಗಳಲ್ಲಿ ಇದೇ ಪ್ರಶ್ನೆಯನ್ನು ಕೇಳುವವರು ತೀರಾ ಕಡಿಮೆ. ಕೇಳಬೇಕು ಎನ್ನುವುದು ಈ ಲೇಖನದ ವಾದ. ಈ ಮೇಳಗಳು ಬೇಕು, ಕೊಡುಕೊಳ್ಳುವಿಕೆಯೂ ನಡೆಯಲಿ. ಆದರೆ ಎಲ್ಲಿಂದ ಬಂತೆಂದು ಬರಹದಲ್ಲಿ ಹೇಳಲಾಗದ ವಸ್ತುವನ್ನು ಯಾವ ಬೆಲೆಗೂ ಕೊಳ್ಳಬಾರದು, ಮಾರಲೂಬಾರದು.

ಮೊದಲು ಈ ಸಂತೆಗಳ ಸ್ವರೂಪ ನೋಡೋಣ. ಲಂಡನ್ನಿನ ಅಂಚಿನಲ್ಲಿರುವ ಕೆಂಪ್ಟನ್ ಪಾರ್ಕ್ ಕುದುರೆ ಪಂದ್ಯದ ಮೈದಾನದಲ್ಲಿ ಹೀಥ್ರೂ ನಿಲ್ದಾಣದ ಹೆಸರಿನ ವಿಮಾನಪ್ರಿಯರ ಮೇಳ ನಡೆಯುತ್ತ ಬಂದಿದೆ. ಇಂಗ್ಲೆಂಡಿನ ನಡುಭಾಗದ ನ್ಯೂವಾರ್ಕ್ ವಿಮಾನ ಸಂಗ್ರಹಾಲಯದವರು ನಡೆಸುವ ಸಂತೆಯ ಹೆಸರೇ ‘ಏರೋಜಂಬಲ್’, ಅಂದರೆ ವಿಮಾನದ ಗುಜರಿ. ಅಲ್ಲಿಯೇ ‘ಕಾಕ್‌ಪಿಟ್ ಫೆಸ್ಟ್’ ಎಂಬ ಇನ್ನೊಂದು ವಿಚಿತ್ರ ಉತ್ಸವವೂ ಉಂಟು: ವರ್ಷಗಟ್ಟಲೆ ಕೂತು ಹಳೆಯ ಯುದ್ಧವಿಮಾನದ ಮೂತಿಯನ್ನಷ್ಟೇ ಮರಳಿ ಕಟ್ಟಿದವರು ಅದನ್ನು ಟ್ರೈಲರಿನ ಮೇಲೆ ಹೇರಿಕೊಂಡು ತಂದು ನಿಲ್ಲಿಸುತ್ತಾರೆ, ನಮ್ಮ ಜಾತ್ರೆಗಳಿಗೆ ಎತ್ತುಗಳನ್ನು ಸಿಂಗರಿಸಿ ತರುವಷ್ಟೇ ಹೆಮ್ಮೆಯಿಂದ. ಅಮೆರಿಕದಲ್ಲಿ ‘ಏರ್‌ಲೈನರ್ಸ್ ಇಂಟರ್‌ನ್ಯಾಷನಲ್’ ಮೇಳ ಊರಿಂದೂರಿಗೆ ಸುತ್ತುತ್ತದೆ. ಮೇಜುಗಳ ಮೇಲೆ ಬರುವ ಸರಕಿಗೆ ಮಿತಿಯಿಲ್ಲ. ವೇಳಾಪಟ್ಟಿ, ಲಗೇಜಿಗೆ ಅಂಟಿಸುತ್ತಿದ್ದ ಬಣ್ಣದ ಚೀಟಿ, ಬೋರ್ಡಿಂಗ್ ಪಾಸು, ಸುರಕ್ಷತೆಯ ಸೂಚನೆಯ ಕಾರ್ಡು, ಪೈಲಟ್ಟಿನ ಎದೆಯ ಮೇಲಿನ ರೆಕ್ಕೆಯ ಬಿಲ್ಲೆ, ಗಗನಸಖಿಯ ಟೋಪಿ, ಚಮಚ, ಪಿಂಗಾಣಿ ಬಟ್ಟಲು, ಏಜೆಂಟರ ಕಚೇರಿಯ ಕಿಟಕಿಯಲ್ಲಿ ಇಡುತ್ತಿದ್ದ ಮಾದರಿ ವಿಮಾನ, ಎತ್ತರ ತೋರಿಸುವ ಗಡಿಯಾರ, ಇಂಜಿನ್ನಿನ ಅಲಗು, ಕೆಲವೊಮ್ಮೆ ಇಡೀ ಆಸನ. ಕೈಯಲ್ಲಿರುವ ಸಣ್ಣ ಹಣಕ್ಕೆ ಬರುವುದರಿಂದ ಹಿಡಿದು ಕಾರಿನ ಬೆಲೆ ಬಾಳುವುದರವರೆಗೆ ಎಲ್ಲವೂ ಒಂದೇ ಸೂರಿನಡಿ. ಚೌಕಾಶಿ ನಡೆಯುತ್ತದೆ, ವಸ್ತುವಿಗೆ ವಸ್ತು ಬದಲಾಯಿಸಿಕೊಳ್ಳುವುದೂ ನಡೆಯುತ್ತದೆ. ಸಂಜೆ ಮೇಜು ಎತ್ತುವ ಹೊತ್ತಿಗೆ ಉಳಿದ ಪೆಟ್ಟಿಗೆಯನ್ನು ಹೊರಲಾರದೆ ‘ಎಲ್ಲ ಸೇರಿಸಿ ಇಷ್ಟು ಕೊಡಿ’ ಎಂದುಬಿಡುವವರೂ ಇರುತ್ತಾರೆ.

ವಸ್ತುವಿನ ಪೂರ್ವಾಪರ ಹರಿದುಹೋಗುವುದು ಹೆಚ್ಚಾಗಿ ಹೀಗೆ ಒಟ್ಟಿಗೆ ಕೈ ಬದಲಾಗುವಾಗಲೇ. ನಲವತ್ತು ವರ್ಷ ಕೂಡಿಟ್ಟವರು ತೀರಿಕೊಳ್ಳುತ್ತಾರೆ. ಮಕ್ಕಳಿಗೆ ಮನೆ ಖಾಲಿಯಾಗಬೇಕಾಗಿರುತ್ತದೆ. ವ್ಯಾಪಾರಿ ಬಂದು ಪೆಟ್ಟಿಗೆಗಳನ್ನು ಒಟ್ಟಿಗೆ ಎತ್ತುತ್ತಾನೆ, ಆಮೇಲೆ ಬಿಡಿಸಿ ಹಂಚುತ್ತಾನೆ. ಬಿಡಿಸಿದರೆ ಲಾಭ ಹೆಚ್ಚು. ಒಬ್ಬ ಪೈಲಟ್ಟಿನ ಹಾರಾಟದ ಲಾಗ್ ಪುಸ್ತಕ, ರೆಕ್ಕೆಯ ಬಿಲ್ಲೆ, ಫೋಟೊ, ಮನೆಗೆ ಬರೆದ ಕಾಗದ ಇವೆಲ್ಲ ಒಂದು ಪೆಟ್ಟಿಗೆಯಲ್ಲಿ ಇದ್ದಾಗ ಅದೊಂದು ಬದುಕು. ಲಾಗ್ ಪುಸ್ತಕದಲ್ಲಿ ಪ್ರತಿ ಹಾರಾಟದ ದಿನಾಂಕ, ವಿಮಾನದ ನೋಂದಣಿ ಅಕ್ಷರಗಳು, ಹೊರಟ ಊರು, ತಲುಪಿದ ಊರು, ತಗುಲಿದ ಹೊತ್ತು ಎಲ್ಲವೂ ಇರುತ್ತವೆ. ಆ ಪುಟಗಳನ್ನು ತಿರುವಿದರೆ ಉಳಿದ ವಸ್ತುಗಳಿಗೆಲ್ಲ ಅರ್ಥ ಬರುತ್ತದೆ. ಬಿಲ್ಲೆ ಒಬ್ಬರಿಗೆ, ಪುಸ್ತಕ ಇನ್ನೊಬ್ಬರಿಗೆ, ಫೋಟೊ ಮತ್ತೊಬ್ಬರಿಗೆ ಹೋದ ದಿನ ಬಿಲ್ಲೆ ಬರೀ ಲೋಹ, ಫೋಟೊ ಯಾರೋ ಒಬ್ಬ ಅಪರಿಚಿತನ ಮುಖ. ಈ ನಷ್ಟಕ್ಕೆ ಯಾರೂ ಕಳ್ಳತನ ಮಾಡಬೇಕಿಲ್ಲ, ಸುಳ್ಳು ಹೇಳಬೇಕಿಲ್ಲ. ಎಲ್ಲರೂ ಪ್ರಾಮಾಣಿಕರಾಗಿದ್ದೂ ಒಂದು ಮಧ್ಯಾಹ್ನದಲ್ಲಿ ಇದು ಮುಗಿದುಹೋಗುತ್ತದೆ. ಸುಳ್ಳು ಬರುವುದು ಆಮೇಲೆ. ಮೂಲ ಗೊತ್ತಿಲ್ಲದ ಬಿಲ್ಲೆಗೆ ಮುಂದಿನ ಮಾರಾಟಗಾರ ಒಂದು ಕಥೆ ಕಟ್ಟುತ್ತಾನೆ, ಅದರ ಮುಂದಿನವನು ಆ ಕಥೆಗೆ ಇನ್ನೊಂದಿಷ್ಟು ಉಪ್ಪುಖಾರ ಹಚ್ಚುತ್ತಾನೆ.

ಯಾರೋ ಹವ್ಯಾಸಿಗಳ ಪೆಟ್ಟಿಗೆ ಚದುರಿದರೆ ಊರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಿದೆ, ಯಾಕೆಂದರೆ ವಿಮಾನ ಕಂಪನಿಗಳಷ್ಟು ಬೇಗ ಅಳಿಯುವ, ಅಳಿದ ಮೇಲೆ ಇಷ್ಟು ಕಡಿಮೆ ಉಳಿಸಿಹೋಗುವ ಉದ್ಯಮ ಇನ್ನೊಂದಿಲ್ಲ. 1953ರ ಆಗಸ್ಟ್ 1ರಂದು ಭಾರತದಲ್ಲಿ ಡೆಕ್ಕನ್ ಏರ್‌ವೇಸ್, ಭಾರತ್ ಏರ್‌ವೇಸ್, ಕಳಿಂಗ, ಹಿಮಾಲಯನ್ ಏವಿಯೇಷನ್ ಮೊದಲಾದ ಎಂಟು ಕಂಪನಿಗಳು ರಾಷ್ಟ್ರೀಕರಣದಲ್ಲಿ ಒಂದೇ ದಿನ ಇಂಡಿಯನ್ ಏರ್‌ಲೈನ್ಸ್‌ನೊಳಗೆ ಕರಗಿಹೋದವು. ಅವು ಎಲ್ಲಿಂದ ಎಲ್ಲಿಗೆ, ವಾರಕ್ಕೆ ಎಷ್ಟು ಸಲ, ಎಷ್ಟು ದರಕ್ಕೆ ಹಾರಿದವು ಎಂದು ತಿಳಿಯಲು ಇಂದು ಆಸರೆ ಯಾವುದು? ಯಾರೋ ಬಿಸಾಡದೆ ಉಳಿಸಿದ ಮಡಚುವ ವೇಳಾಪಟ್ಟಿ. 1949ರ ಜನವರಿಯಲ್ಲಿ ಶುರುವಾದ ರಾತ್ರಿ ಅಂಚೆ ವ್ಯವಸ್ಥೆಯನ್ನೇ ನೋಡಿ. ದೆಹಲಿ, ಬೊಂಬಾಯಿ, ಕಲ್ಕತ್ತಾ, ಮದ್ರಾಸಿನಿಂದ ಹೊರಟ ನಾಲ್ಕು ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವಷ್ಟರಲ್ಲಿ ತಮ್ಮ ತಮ್ಮ ಊರಿಗೆ ಮರಳುತ್ತಿದ್ದವು. ಇಂಥದ್ದೊಂದು ಸೊಗಸಾದ ಏರ್ಪಾಟು ಗಂಟೆ-ನಿಮಿಷದ ಸಮೇತ ನಮಗೆ ಸಿಗುವುದು ಎರಡಾಣೆ ಬೆಲೆಯಿಲ್ಲದ ಆ ಕಾಗದದಲ್ಲಿ. ಕರ್ನಾಟಕದ ಮಟ್ಟಿಗೆ ಅಷ್ಟು ಹಿಂದೆ ಹೋಗಬೇಕಿಲ್ಲ. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ಲಾಂಛನ ಮಾಡಿಕೊಂಡು 2003ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರುಗಳಿಗೆ ಹಾರಿದ ಏರ್ ಡೆಕ್ಕನ್ ಐದು ವರ್ಷದೊಳಗೆ ಕಿಂಗ್‌ಫಿಷರ್ ಹೊಟ್ಟೆಗೆ ಸೇರಿತು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನೆಲ ಕಚ್ಚಿತು. ಎಚ್‌ಎಎಲ್ ನಿಲ್ದಾಣದಿಂದ ನಿಗದಿತ ನಾಗರಿಕ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರಗೊಂಡದ್ದು 2008ರ ಮೇ ತಿಂಗಳಲ್ಲಿ. ಆ ಐದಾರು ವರ್ಷಗಳಲ್ಲಿ ನಾಡಿನ ಸಾಮಾನ್ಯರು ಮೊದಲ ಸಲ ವಿಮಾನ ಹತ್ತಿದ ಕಥೆಯನ್ನು ನಾಳೆ ಬರೆಯುವವರಿಗೆ ಬೇಕಾಗುವ ಟಿಕೆಟ್ಟು, ದರಪಟ್ಟಿ, ಜಾಹೀರಾತು ಯಾವ ಗ್ರಂಥಾಲಯದ ಯಾವ ಕಪಾಟಿನಲ್ಲಿವೆ? 1991ರ ಡಿಸೆಂಬರಿನಲ್ಲಿ ಮುಚ್ಚಿದ ಅಮೆರಿಕದ ಪ್ಯಾನ್ ಆ್ಯಮ್‌ಗೆ ಒಂದು ಅದೃಷ್ಟವಿತ್ತು, ಅದರ ದಾಖಲೆಪತ್ರಗಳು ಮಯಾಮಿ ವಿಶ್ವವಿದ್ಯಾಲಯಕ್ಕೆ ಸೇರಿದವು. ಹೆಚ್ಚಿನ ಕಂಪನಿಗಳಿಗೆ ಆ ಭಾಗ್ಯವಿಲ್ಲ. ಸಂಗ್ರಾಹಕರ ಅಟ್ಟವೇ ಅವುಗಳ ಪತ್ರಾಗಾರ, ಸಂತೆಯೇ ಅದರ ಬಾಗಿಲು.

ಹಾಗಾದರೆ ಪೂರ್ವಾಪರ ಉಳಿಯುವಂತೆ ಮಾರುವುದು ಸಾಧ್ಯವೇ? ಸಾಧ್ಯ ಎಂದು ತೋರಿಸಿದವರು ಅಂಚೆ ಸಂಗ್ರಾಹಕರು. 1911ರ ಫೆಬ್ರುವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದ ಮೈದಾನದಿಂದ ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಪತ್ರಗಳನ್ನು ಹೊತ್ತು ಯಮುನೆಯನ್ನು ದಾಟಿ ನೈನಿಯಲ್ಲಿ ಇಳಿದ. ಹತ್ತು ಕಿಲೊಮೀಟರೂ ಇಲ್ಲದ ದಾರಿ, ಕಾಲು ಗಂಟೆಯೂ ಹಿಡಿಯದ ಹಾರಾಟ, ಆದರೆ ಅಧಿಕೃತ ವಿಮಾನ ಅಂಚೆಯ ಜಗತ್ತಿನ ಮೊದಲ ಅಧ್ಯಾಯ. ಪ್ರತಿ ಪತ್ರಕ್ಕೆ ಆರಾಣೆ ಹೆಚ್ಚುವರಿ ಶುಲ್ಕ ತೆಗೆದುಕೊಂಡು ಅದನ್ನು ಅಲ್ಲಿನ ವಿದ್ಯಾರ್ಥಿನಿಲಯವೊಂದಕ್ಕೆ ಕೊಟ್ಟರು. ಆ ಲಕೋಟೆಗಳಿಗೆ ಒತ್ತಲೆಂದೇ ವಿಮಾನದ ಚಿತ್ರವಿರುವ ವಿಶೇಷ ಮುದ್ರೆಯನ್ನು ಕೆತ್ತಿಸಿದ್ದರು. ಎರಡು ದಶಕದ ಬಳಿಕ, 1932ರ ಅಕ್ಟೋಬರ್ 15ರಂದು, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಂಚೆ ಹೊತ್ತು ಅಹಮದಾಬಾದ್ ಮಾರ್ಗವಾಗಿ ಬೊಂಬಾಯಿಗೆ ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು, ನಡುವೆ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಭಾರತದ ನಾಗರಿಕ ವಿಮಾನಯಾನದ ಮೊದಲ ರಾತ್ರಿ ಬಳ್ಳಾರಿಯಲ್ಲಿ ಕಳೆಯಿತು ಎಂದರೆ ಹೆಚ್ಚಾಗದು. ಆ ಹಾರಾಟದ ಲಕೋಟೆಯೊಂದನ್ನು ಕೈಗೆತ್ತಿಕೊಂಡರೆ ಮುಖದ ಮೇಲೆ ಹೊರಟ ಅಂಚೆ ಕಚೇರಿಯ ಹೆಸರು-ತಾರೀಖು, ಬೆನ್ನಿನ ಮೇಲೆ ತಲುಪಿದ ಕಚೇರಿಯದು. ವಸ್ತು ತನ್ನ ಪಹಣಿಯನ್ನು ಮೈಮೇಲೆಯೇ ಬರೆಸಿಕೊಂಡಿರುತ್ತದೆ. ಮುದ್ರೆಯನ್ನೂ ನಕಲು ಮಾಡುವವರಿದ್ದಾರೆ, ನಿಜ. ಆದರೆ ಅಸಲು ಮುದ್ರೆಯ ಅಳತೆ, ಶಾಯಿ, ಅಕ್ಷರದ ಬಾಗು ಎಲ್ಲ ದಾಖಲಾಗಿರುವುದರಿಂದ ನಕಲು ಸಿಕ್ಕಿಬೀಳುತ್ತದೆ. ಲಗೇಜಿನ ಚೀಟಿಗೂ ಚಮಚಕ್ಕೂ ಯಾವ ಅಂಚೆ ಕಚೇರಿಯೂ ಮುದ್ರೆ ಒತ್ತುವುದಿಲ್ಲ. ಆ ಮುದ್ರೆಯನ್ನು ಒತ್ತಬೇಕಾದವರು ಮಾರುವವರೇ, ಕೈಬರಹದಲ್ಲಿ.

ಚರಿತ್ರೆಯನ್ನು ಮಾರುವುದೇ ತಪ್ಪು, ಇವೆಲ್ಲ ಸಂಗ್ರಹಾಲಯಕ್ಕೆ ಸೇರಬೇಕು ಎನ್ನುವವರಿದ್ದಾರೆ. ಮಾತು ಕೇಳಲು ಚೆನ್ನ. ಆದರೆ ಸಂಸ್ಥೆಯ ಗೋಡೆಯೊಳಗೆ ಇಟ್ಟ ಮಾತ್ರಕ್ಕೆ ವಸ್ತು ಭದ್ರವಾಗುವುದಿಲ್ಲ ಎಂಬುದಕ್ಕೆ ಏರ್ ಇಂಡಿಯಾವೇ ಸಾಕ್ಷಿ. 1956ರಲ್ಲಿ ಬಿ. ಪ್ರಭಾ ಅವರ ಆರು ಚಿತ್ರಗಳನ್ನು ತಲಾ 87.50 ರೂಪಾಯಿಗೆ ಕೊಂಡು ಶುರುಮಾಡಿದ ಅದರ ಕಲಾಸಂಗ್ರಹ ಹುಸೇನ್, ಗಾಯ್ತೊಂಡೆ, ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರವರೆಗೆ ಬೆಳೆದು ಸಾವಿರಾರು ಕೃತಿಗಳಾಯಿತು. 2017ರಲ್ಲಿ, ಕಂಪನಿಗೆಂದು ಜತಿನ್ ದಾಸ್ ಬರೆದುಕೊಟ್ಟಿದ್ದ ಹಾರುವ ಅಪ್ಸರೆಯ ಚಿತ್ರ ಮಾರಾಟಕ್ಕಿದೆ ಎಂದು ಸ್ವತಃ ಕಲಾವಿದರಿಗೇ ಹೊರಗಿನಿಂದ ಸುದ್ದಿ ಬಂತು! ಅದು ಕಂಪನಿಯ ಗೋಡೆಯಿಂದ ಯಾವಾಗ ಇಳಿಯಿತು, ಯಾರು ಒಯ್ದರು ಎನ್ನುವುದಕ್ಕೆ ಸರಿಯಾದ ಲೆಕ್ಕವೇ ಇರಲಿಲ್ಲ; ಗದ್ದಲವೆದ್ದ ಮೇಲೆ ಚಿತ್ರ ವಾಪಸಾಯಿತು. ಪತ್ರವಿಲ್ಲದಿದ್ದರೆ ಸಂಸ್ಥೆಯ ಗೋಡೆಯೂ ಸಂತೆಯ ಮೇಜೂ ಒಂದೇ. ಕಂಪನಿಯನ್ನು ಟಾಟಾಗಳಿಗೆ ಮಾರುವಾಗ ಸರ್ಕಾರ ಈ ಸಂಗ್ರಹವನ್ನು ಹೊರಗಿಟ್ಟು, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಒಪ್ಪಿಸುವ ದಾರಿ ಹಿಡಿದದ್ದು ಸರಿಯಾದ ಕೆಲಸ. ಆದರೆ ಗ್ಯಾಲರಿಗೆ ಹೆಬ್ಬಾರರ ಚಿತ್ರ ಬೇಕು, ಊಟದ ಮೆನು ಬೇಡ. ಜಗತ್ತಿನ ಯಾವ ಸಂಗ್ರಹಾಲಯಕ್ಕೂ ಸಾವಿರಾರು ಬಗೆಯ ಲಗೇಜು ಚೀಟಿಗಳನ್ನು ವಿಂಗಡಿಸಿ ಇಡುವ ತಾಳ್ಮೆಯಿಲ್ಲ. ತನ್ನ ದುಡ್ಡಿನಲ್ಲಿ, ತನ್ನ ಭಾನುವಾರಗಳಲ್ಲಿ ಅದನ್ನು ಮಾಡುವವನು ಸಂಗ್ರಾಹಕ. ಕೊಳ್ಳುವವನಿದ್ದಾನೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಕಾಗದ ರದ್ದಿಗೆ ಹೋಗದೆ ಉಳಿದಿದೆ.

ಮಾರಾಟವನ್ನು ಮರ್ಯಾದೆಯಿಂದ ಮಾಡಬಹುದು ಎಂಬುದಕ್ಕೆ ಕಾಂಕಾರ್ಡ್ ಒಳ್ಳೆಯ ಉದಾಹರಣೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಆ ವಿಮಾನ 2003ರಲ್ಲಿ ನಿವೃತ್ತವಾದಾಗ ಏರ್ ಫ್ರಾನ್ಸ್ ಪ್ಯಾರಿಸಿನಲ್ಲಿ ಕ್ರಿಸ್ಟೀಸ್ ಮೂಲಕ, ಬ್ರಿಟಿಷ್ ಏರ್‌ವೇಸ್ ಲಂಡನ್ನಿನಲ್ಲಿ ಬಾನಮ್ಸ್ ಮೂಲಕ ಬಿಡಿಭಾಗಗಳನ್ನು ಬಹಿರಂಗ ಹರಾಜಿಗಿಟ್ಟವು. ಲಂಡನ್ನಿನಲ್ಲಿ ಒಂದು ಮೂಗಿನ ತುದಿಯೇ 3.2 ಲಕ್ಷ ಪೌಂಡಿಗೆ ಹೋಯಿತು. ಪ್ಯಾರಿಸಿನ ಒಟ್ಟು ಗಳಿಕೆ 30 ಲಕ್ಷ ಯೂರೊ ಮೀರಿತು. ಹಣ ಧರ್ಮಕಾರ್ಯಗಳಿಗೆ ಹೋಯಿತು, ವಸ್ತುಗಳು ಒಡೆಯನ ಕೈಯಿಂದಲೇ ಹೊರಬಿದ್ದವು. ಇಪ್ಪತ್ತು ವರ್ಷ ಕಳೆದು ಅದೇ ವಸ್ತು ಯಾವುದೋ ಮೇಳದ ಮೇಜಿಗೆ ಬಂದರೂ ಹರಾಜಿನ ಪಟ್ಟಿಯ ಸಂಖ್ಯೆ ಹೇಳಿದರೆ ಸಾಕು. ಇತ್ತೀಚೆಗೆ ಇನ್ನೊಂದು ಚಾಳಿ ಶುರುವಾಗಿದೆ: ಹಳೆಯ ವಿಮಾನದ ಮೈಯ ತಗಡನ್ನು ಸಾವಿರಾರು ಚೂರಾಗಿ ಕತ್ತರಿಸಿ, ನೋಂದಣಿ ಅಕ್ಷರಗಳನ್ನು ಅಚ್ಚೊತ್ತಿ, ಕೀಲಿಗೊಂಚಲಿಗೆ ಸಿಕ್ಕಿಸುವ ಬಿಲ್ಲೆ ಮಾಡಿ ಮಾರುವುದು. ಪೂರ್ವಾಪರ ಪಕ್ಕಾ, ಆಕ್ಷೇಪಿಸಲು ಕಾನೂನಿನ ಕಾರಣವಿಲ್ಲ. ಆದರೂ ಇದು ಬರೀ ಹೆಸರಿನ ವ್ಯಾಪಾರ ಎನ್ನಿಸುತ್ತದೆ, ಆ ಚೂರಿನಿಂದ ಯಾರೂ ಏನನ್ನೂ ಕಲಿಯಲಾರರು. 1903ರ ರೈಟ್ ಸಹೋದರರ ವಿಮಾನದ ಬಟ್ಟೆಯ ತುಂಡನ್ನು ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನಲ್ಲಿಗೆ ಒಯ್ದದ್ದು ಬೇರೆ ಮಾತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಈ ಸಂತೆಯ ಸರಕಿನ ಬಹುಭಾಗ ಕದ್ದದ್ದು. ಚಮಚ, ಕಂಬಳಿ, ಸುರಕ್ಷತೆಯ ಕಾರ್ಡು ಇವನ್ನೆಲ್ಲ ಕಂಪನಿ ಯಾರಿಗೂ ಮಾರಿಲ್ಲವಲ್ಲ! ವರ್ಜಿನ್ ಅಟ್ಲಾಂಟಿಕ್‌ನವರು ಉಪ್ಪು-ಮೆಣಸಿನ ಪುಟ್ಟ ಡಬ್ಬಿಗಳು ಮಾಯವಾಗುವುದನ್ನು ತಡೆಯಲಾಗದೆ, ಕೊನೆಗೆ ಅವುಗಳ ಅಡಿಯಲ್ಲಿ ‘ವರ್ಜಿನ್ ಅಟ್ಲಾಂಟಿಕ್‌ನಿಂದ ಎಗರಿಸಿದ್ದು’ ಎಂದೇ ಅಚ್ಚು ಹಾಕಿಸಿದರು. ಜಾಣ ಜಾಹೀರಾತು, ಒಪ್ಪೋಣ. ಅದೂ ಒಂದು ರೀತಿಯ ಮೂಲಪತ್ರವೇ. ಆದರೆ ಎಲ್ಲವನ್ನೂ ಹೀಗೆ ನಕ್ಕು ಬಿಡಲಾಗದು. ಸುರಕ್ಷತೆಯ ಕಾರ್ಡು ಪ್ರಯಾಣಿಕನ ಕೈಗೆಟಕುವಲ್ಲಿ ಇರಲೇಬೇಕು, ಆಸನದಡಿಯ ಜೀವರಕ್ಷಕ ಅಂಗಿಯಂತೂ ಸರಿಯೇ ಸರಿ. ಅದನ್ನು ಚೀಲಕ್ಕೆ ತುರುಕಿಕೊಂಡು ಬಂದವನು ಮುಂದಿನ ಪ್ರಯಾಣಿಕನ ಪ್ರಾಣದ ಜೊತೆ ಆಟವಾಡಿದ್ದಾನೆ. ಕದ್ದದ್ದು, ಕೊಟ್ಟದ್ದು, ಬಿಸಾಡಿದ್ದು, ಹರಾಜಾದದ್ದು ಇವೆಲ್ಲ ಮೇಜಿನ ಮೇಲೆ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವುದು ಚೀಟಿಯೊಂದೇ. ಸಾಲ್ವಡಾರ್ ಡಾಲಿ 1967ರಲ್ಲಿ ಏರ್ ಇಂಡಿಯಾಕ್ಕೆ ವಿನ್ಯಾಸ ಮಾಡಿಕೊಟ್ಟ ಪಿಂಗಾಣಿ ಆ್ಯಶ್‌ಟ್ರೇಯನ್ನು ಇಲ್ಲಿ ನೆನೆಯಬಹುದು: ಹಂಸವನ್ನು ತಲೆಕೆಳಗು ಮಾಡಿದರೆ ಆನೆ, ಆನೆಯನ್ನು ತಿರುಗಿಸಿದರೆ ಹಂಸ. ಸಂಭಾವನೆಯಾಗಿ ಆತ ಕೇಳಿದ್ದು ಒಂದು ಆನೆಮರಿ. ಬೆಂಗಳೂರಿನ ಆನೆಮರಿಯನ್ನು ಜಿನೀವಾಕ್ಕೆ ವಿಮಾನದಲ್ಲಿ ಸಾಗಿಸಿ, ಅಲ್ಲಿಂದ ಸ್ಪೇನಿಗೆ ಮುಟ್ಟಿಸಿದರು. ಕೆಲವೇ ನೂರರ ಸಂಖ್ಯೆಯ ಆ ಆ್ಯಶ್‌ಟ್ರೇಗಳನ್ನು ಕಂಪನಿಯೇ ಮೊದಲ ದರ್ಜೆಯ ಪ್ರಯಾಣಿಕರಿಗೆ ಉಡುಗೊರೆ ಕೊಟ್ಟಿತು. ಆದ್ದರಿಂದ ಅದು ಮಾರುಕಟ್ಟೆಯಲ್ಲಿ ಸಿಕ್ಕರೆ ಕಳವಿನ ಮಾಲು ಎಂದು ಅನುಮಾನಿಸಬೇಕಿಲ್ಲ. ಆದರೆ ಅಸಲೋ ನಕಲೋ ಎಂದು ಕೇಳಲೇಬೇಕು, ಡಾಲಿಯ ಹೆಸರಿನಲ್ಲಿ ನಕಲಿಗೆ ಎಂದೂ ಬರವಿಲ್ಲ. ನಿಯಮ ಮೀರಿದ್ದು ಗೊತ್ತಾದಾಗ ಏನಾಗುತ್ತದೆ ಎನ್ನುವುದನ್ನು ಅಪೊಲೊ 15 ತೋರಿಸಿತು. 1971ರಲ್ಲಿ ಚಂದ್ರನಲ್ಲಿಗೆ ಹೋದ ಮೂವರು ಗಗನಯಾನಿಗಳು ಸುಮಾರು 400 ಲಕೋಟೆಗಳನ್ನು ಅನುಮತಿಯಿಲ್ಲದೆ ಒಯ್ದು ತಂದರು, ಅವುಗಳಲ್ಲಿ ನೂರನ್ನು ಜರ್ಮನಿಯ ವ್ಯಾಪಾರಿಯೊಬ್ಬ ಮಾರಿದ. ನಾಸಾ ಮೂವರಿಗೂ ಛೀಮಾರಿ ಹಾಕಿತು, ಅವರಲ್ಲಿ ಯಾರೂ ಮತ್ತೆ ಅಂತರಿಕ್ಷಕ್ಕೆ ಹೋಗಲಿಲ್ಲ.

ಸಾವಿನ ಜಾಗದಿಂದ ತಂದ ವಸ್ತುಗಳ ವಿಚಾರದಲ್ಲಿ ಮಾತ್ರ ನಗುವಿಗೆ ಎಡೆಯಿಲ್ಲ. 1966ರ ಜನವರಿ 24ರಂದು ಏರ್ ಇಂಡಿಯಾದ ‘ಕಾಂಚನಜಂಗಾ’ ಮೋಂಟ್ ಬ್ಲಾಂಕ್ ಶಿಖರಕ್ಕೆ ಬಡಿದು ಹೋಮಿ ಭಾಭಾ ಸೇರಿ 117 ಮಂದಿ ತೀರಿಕೊಂಡರು. ಹಿಮನದಿ ಆ ವಿಮಾನವನ್ನು ಇಂದಿಗೂ ಸ್ವಲ್ಪಸ್ವಲ್ಪವೇ ಹೊರಗೆ ಉಗುಳುತ್ತಿದೆ. 2012ರಲ್ಲಿ ರಾಜತಾಂತ್ರಿಕ ಅಂಚೆಯ ಚೀಲ ಸಿಕ್ಕಿತು, ಭಾರತಕ್ಕೆ ಒಪ್ಪಿಸಿದರು. 2013ರಲ್ಲಿ ಪರ್ವತಾರೋಹಿಯೊಬ್ಬನಿಗೆ ಪಚ್ಚೆ, ಮಾಣಿಕ್ಯ, ನೀಲಗಳಿದ್ದ ಪೆಟ್ಟಿಗೆ ಸಿಕ್ಕಿತು. ಆತ ನೇರವಾಗಿ ಪೊಲೀಸರಿಗೆ ತಂದುಕೊಟ್ಟ. ಎಂಟು ವರ್ಷ ವಾರಸುದಾರರಿಗಾಗಿ ಹುಡುಕಿ, 2021ರಲ್ಲಿ ಅರ್ಧವನ್ನು ಆತನಿಗೂ ಅರ್ಧವನ್ನು ಶಿಖರದ ಬುಡದ ಶಮೊನಿ ಊರಿಗೂ ಕೊಟ್ಟರು. ಆ ಎಂಟು ವರ್ಷ ಕಾದ ಮೇಲೆ ಆ ಹರಳುಗಳನ್ನು ಕೊಂಡವರು ತಲೆಯೆತ್ತಿ ಹೇಳಿಕೊಳ್ಳಬಹುದು. 1937ರ ಮೇ 6ರಂದು ಹಿಂಡನ್‌ಬರ್ಗ್ ವಾಯುನೌಕೆ ನ್ಯೂಜೆರ್ಸಿಯಲ್ಲಿ ಉರಿದಾಗ ಅದರಲ್ಲಿದ್ದ 17 ಸಾವಿರಕ್ಕೂ ಹೆಚ್ಚು ಪತ್ರಗಳಲ್ಲಿ ಉಳಿದದ್ದು ನಾನೂರಕ್ಕಿಂತ ಕಡಿಮೆ. ಅಂಚೆ ಇಲಾಖೆ ಸುಟ್ಟ ಲಕೋಟೆಗಳನ್ನು ಪಾರದರ್ಶಕ ಹೊದಿಕೆಯಲ್ಲಿಟ್ಟು, ಮೊಹರು ಮಾಡಿ, ವಿಳಾಸದಾರರಿಗೆ ಮುಟ್ಟಿಸಿತು. ಇಂದು ಆ ಲಕೋಟೆಗಳು ದುಬಾರಿ ಬೆಲೆಗೆ ಮಾರಾಟವಾದರೆ ಅದರಲ್ಲಿ ಕಳಂಕವಿಲ್ಲ. ಸಾವಿನ ಜಾಗದಿಂದ ಸರಿಯಾದ ಕೈಗೆ ಸೇರಿ, ಅಲ್ಲಿಂದ ಹೊರಬಂದವು. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಗಗನನೌಕೆ ಒಡೆದು ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಸತ್ತ ಕೆಲವೇ ಗಂಟೆಗಳಲ್ಲಿ, ಅದರ ಚೂರುಗಳೆಂದು ಅಂತರ್ಜಾಲದ ಹರಾಜಿನಲ್ಲಿ ಮಾರಲು ಹೊರಟವರ ಬಗ್ಗೆ ಮಾತೇ ಬೇಡ. ಅವಘಡದಿಂದ ಬಂದ ವಸ್ತು ಎಂದಾಕ್ಷಣ ನಿಷೇಧಿಸಬೇಕಿಲ್ಲ, ಆದರೆ ನಡುವಿನ ಒಂದು ಕೊಂಡಿ ಕಾಣದಿದ್ದರೂ ಮೇಜಿನಿಂದ ಎತ್ತಿಸಬೇಕು.

ಪೂರ್ವಾಪರದ ಪ್ರಶ್ನೆ ಬರೀ ನೀತಿಯದಲ್ಲ, ಬದುಕಿರುವವರ ಸುರಕ್ಷತೆಯದೂ ಹೌದು. ಎರಡನೆಯ ಮಹಾಯುದ್ಧದ ವಿಮಾನಗಳ ಗಡಿಯಾರದಂಥ ಸಾಧನಗಳ ಮುಳ್ಳು-ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಎಂದೋ ಹೋಗಿದೆ. ರೇಡಿಯಂ ಅರ್ಧವಾಗಲು 1,600 ವರ್ಷ ಬೇಕು. ಗಾಜು ಒಡೆದ ಅಂಥ ಸಾಧನದ ಪುಡಿ ಉಸಿರಿಗೆ ಹೋಗುವುದು ಅಪಾಯ. ಇದು ಯಾವ ವಿಮಾನದ್ದು, ಯಾವ ಇಸವಿಯದು ಎಂದು ಹೇಳಲಾಗದವನಿಂದ ಅದನ್ನು ಮಗುವಿನ ಕೋಣೆಯ ಗೋಡೆಗೆಂದು ಕೊಳ್ಳಬಹುದೇ? ಬಿಡಿಭಾಗಗಳದು ಇನ್ನೂ ದೊಡ್ಡ ಪೇಚು. 1989ರಲ್ಲಿ ನಾರ್ವೆಯಿಂದ ಹೊರಟ ಪಾರ್ಟ್‌ನೇರ್ ವಿಮಾನ ಡೆನ್ಮಾರ್ಕಿನ ಬಳಿ ಸಮುದ್ರಕ್ಕೆ ಬಿದ್ದು 55 ಮಂದಿ ಸತ್ತದ್ದಕ್ಕೆ ಬಾಲದಲ್ಲಿದ್ದ ನಕಲಿ ಬೋಲ್ಟುಗಳು ಕಾರಣವಾಗಿದ್ದವು. 2023ರಲ್ಲಿ ಲಂಡನ್ನಿನ ಕಂಪನಿಯೊಂದು ಸುಳ್ಳು ಪತ್ರಗಳ ಜೊತೆ ಇಂಜಿನ್ ಭಾಗಗಳನ್ನು ಮಾರಿದ್ದು ಬಯಲಾಗಿ, ಹಲವು ದೇಶಗಳ ವಿಮಾನಗಳನ್ನು ನಿಲ್ಲಿಸಿ ಆ ಭಾಗಗಳನ್ನು ಕಳಚಬೇಕಾಯಿತು. ಮೇಳದಲ್ಲಿ ಅಲಂಕಾರಕ್ಕೆಂದು ಮಾರಿದ ಇಂಜಿನ್ ಅಲಗು ಹೊಳಪು ಪಡೆದು ಮತ್ತೆ ಇಂಜಿನ್ನಿಗೆ ಸೇರಬಾರದು. ಅದಕ್ಕೇ ಕೆಲಸಕ್ಕೆ ಬಾರದ ಭಾಗವನ್ನು ರಂಧ್ರ ಕೊರೆದೋ ಕತ್ತರಿಸಿಯೋ ಕೆಡಿಸಿ ಮಾರಿ ಎಂದು ಸುರಕ್ಷಾ ಸಂಸ್ಥೆಗಳು ಹೇಳುತ್ತ ಬಂದಿವೆ. ವಿಮಾನದ ಗುರುತು ಕೊರೆದ ಲೋಹದ ಫಲಕವನ್ನು ಅನುಮತಿಯಿಲ್ಲದೆ ಕಳಚುವುದನ್ನು ಅಮೆರಿಕದ ನಿಯಮಗಳು ನಿಷೇಧಿಸಿವೆ. ಆ ಫಲಕವೊಂದಿದ್ದರೆ ಇಲ್ಲದ ವಿಮಾನವನ್ನು ‘ಅಸಲಿ’ ಎಂದು ಮತ್ತೆ ಹುಟ್ಟಿಸಬಹುದು. ಕೆಡಿಸದ ಭಾಗವನ್ನು ‘ಇದರ ಅಂದವೇ ಹೋಗುತ್ತದೆ’ ಎಂದು ಹಾಗೆಯೇ ಮಾರುವ ವ್ಯಾಪಾರಿಯಿಂದ ದೂರವಿರುವುದೇ ಲೇಸು.

ಇಷ್ಟೆಲ್ಲ ಕಟ್ಟುಪಾಡು ಹೇರಿದರೆ ಸಂತೆಯ ಜೀವವೇ ಹೋಗುತ್ತದೆ, ನೂರು ರೂಪಾಯಿಯ ಚೀಟಿಗೂ ನೋಂದಣಿ ಕಚೇರಿ ತೆರೆಯುವುದೇ ಎನ್ನುವ ಗೊಣಗಾಟ ಸಹಜ. ಸರ್ಕಾರದ ಹೊಸ ಕಾನೂನು ಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆ ಈಗಾಗಲೇ ಇದೆ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳೂ 75 ವರ್ಷ ದಾಟಿದ ಮಹತ್ವದ ದಾಖಲೆಗಳೂ ಅದರ ವ್ಯಾಪ್ತಿಗೆ ಬರುತ್ತವೆ, ಪರವಾನಗಿಯಿಲ್ಲದೆ ದೇಶದಾಚೆ ಹೋಗಕೂಡದು. ವಿಮಾನ ಯುಗದ ಮೊದಲ ಕಾಗದಗಳು ಆ ವಯಸ್ಸನ್ನು ಮುಟ್ಟಿವೆ, ಸಂಗ್ರಾಹಕರು ಇದನ್ನು ಗಮನಿಸುವುದು ಒಳ್ಳೆಯದು. ಉಳಿದದ್ದಕ್ಕೆ ಸಾಕಾಗುವುದು ಅಂಗೈಯಗಲದ ಒಂದು ಕಾಗದ: ಇದು ಏನು, ಯಾರಿಂದ, ಯಾವ ಊರಿನಲ್ಲಿ, ಯಾವ ಇಸವಿಯಲ್ಲಿ ನನಗೆ ಬಂತು, ಅದಕ್ಕೂ ಮೊದಲಿನ ವಿಚಾರ ಗೊತ್ತೇ, ಕೆಳಗೊಂದು ಸಹಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಲಿ. ‘ಗುಜರಿ ಅಂಗಡಿಯಲ್ಲಿ ಸಿಕ್ಕಿತು, ಇಂಥ ವರ್ಷ’ ಎಂಬುದೂ ಮೂಲವೇ. ಚೀಟಿಯನ್ನೂ ಸುಳ್ಳು ಬರೆಯಬಹುದಲ್ಲ ಎಂದರೆ, ಬರೆಯಬಹುದು. ಆದರೆ ಬಾಯಲ್ಲಿ ಹೇಳಿದ ಸುಳ್ಳು ಸಂಜೆಗೆ ಗಾಳಿಯಲ್ಲಿ ಹೋಗುತ್ತದೆ, ಸಹಿ ಹಾಕಿದ ಸುಳ್ಳು ಹಾಕಿದವನನ್ನು ಹುಡುಕಿಕೊಂಡು ಬರುತ್ತದೆ. ಮೇಳ ನಡೆಸುವವರು ಮೇಜು ಬಾಡಿಗೆಗೆ ಕೊಡುವಾಗ ಇದೊಂದು ಷರತ್ತು ಹಾಕಿದರೆ ಸಾಕು. ಸಣ್ಣ ವ್ಯಾಪಾರಿಗೆ ಹೊರೆಯಾಗುವುದಕ್ಕಿಂತ ಲಾಭವೇ ಹೆಚ್ಚು ಎಂಬುದನ್ನು ಇಯರ್‌ಹಾರ್ಟ್ ಟೋಪಿ ಹೇಳುತ್ತದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟರಾಯಿತು, ವಸ್ತುವೇ ಯಾಕೆ ಎನ್ನುವವರಿಗೂ ಉತ್ತರ ಇದೇ: ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕಾಗದದ ಸ್ಕ್ಯಾನ್ ಕೂಡ ಅನಾಥವೇ.

ಕನ್ನಡ ನಾಡಿನಲ್ಲಿ ಇಂಥ ಸಂತೆಗಳ ರೂಢಿ ಬೆಳೆದಿಲ್ಲ, ಆದರೆ ಅದಕ್ಕೆ ಬೇಕಾದ ಸರಕು ನಮ್ಮಲ್ಲಿರುವಷ್ಟು ದೇಶದ ಬೇರೆ ಕಡೆ ಇರಲಿಕ್ಕಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಹುಟ್ಟುಹಾಕಿದ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಿಂದ ಶುರುವಾಗಿ, ಎಚ್‌ಟಿ-2, 1961ರಲ್ಲಿ ಮೊದಲು ಹಾರಿದ ಮರುತ್, ಕಿರಣ್ ವಿಮಾನಗಳವರೆಗೆ ದುಡಿದ ಮೂರು ತಲೆಮಾರಿನ ಕುಶಲಕರ್ಮಿಗಳ ಮನೆಗಳು ಬೆಂಗಳೂರಿನಲ್ಲಿವೆ. ಎಚ್‌ಎಎಲ್ ಪಾರಂಪರಿಕ ಕೇಂದ್ರದ ಅಂಗಳದಲ್ಲಿ ವಿಮಾನಗಳು ನಿಂತಿವೆ, ವಿಶ್ವೇಶ್ವರಯ್ಯ ಸಂಗ್ರಹಾಲಯದ ಮುಂದೆ ಮರುತ್ ನಿಂತಿದೆ. ಅವನ್ನು ಕಟ್ಟಿದವರ ನಿವೃತ್ತಿಯ ಫಲಕ, ತರಬೇತಿಯ ಟಿಪ್ಪಣಿ, ಮೊದಲ ಹಾರಾಟದ ದಿನದ ಗುಂಪು ಫೋಟೊ ಮಾತ್ರ ಮನೆಮನೆಯ ಅಟ್ಟದ ಮೇಲಿವೆ. ಕರ್ನಾಪೆಕ್ಸ್ ಅಂಚೆಚೀಟಿ ಪ್ರದರ್ಶನಕ್ಕೆ ಬರುವವರಿಗೆ ಪೂರ್ವಾಪರದ ಶಿಸ್ತು ಹೊಸದಲ್ಲ, ಯಲಹಂಕದ ಏರೋ ಇಂಡಿಯಾಕ್ಕೆ ಬರುವ ಜನಸಾಗರಕ್ಕೆ ವಿಮಾನದ ಹುಚ್ಚಿಗೇನೂ ಕೊರತೆಯಿಲ್ಲ. ಇವೆರಡನ್ನೂ ಜೋಡಿಸುವ ಒಂದು ಮೇಳ ಎಂದಾದರೂ ಆಗಲಿ. ರಕ್ಷಣಾ ಉದ್ಯಮದ ರೇಖಾಚಿತ್ರ, ಬಿಡಿಭಾಗ ಇವೆಲ್ಲ ಸಂಸ್ಥೆಯ ಸೊತ್ತು, ಮಾರುವಂತಿಲ್ಲ ಎನ್ನುವುದು ಮೊದಲ ದಿನದಿಂದಲೇ ಸ್ಪಷ್ಟವಾಗಿರಲಿ. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿ ಅಜ್ಜನ ಗುರುತಿನ ಬಿಲ್ಲೆಯೋ ಅತ್ತೆಯ ಗಗನಸಖಿ ಟೋಪಿಯೋ ಹಳೆಯ ಬೋರ್ಡಿಂಗ್ ಪಾಸೋ ಇದ್ದರೆ, ಹೇಳಬಲ್ಲವರು ಇನ್ನೂ ಇದ್ದರೆ, ಈ ಭಾನುವಾರವೇ ಅವರ ಪಕ್ಕ ಕೂತು ನಾಲ್ಕು ಸಾಲು ಬರೆಸಿಕೊಂಡು, ಕೆಳಗೆ ತಾರೀಖು ಹಾಕಿ, ಅದೇ ಪೆಟ್ಟಿಗೆಯಲ್ಲಿ ಇಡಿ.